ಮಕ್ಕಳಿಗೆ ಬೇಕು ಮೂರೂ ದಿನದ ಈಸ್ಟರ್

ಕ್ರೈಸ್ತರ ವರ್ಷದಲ್ಲಿ ಎಲ್ಲಕ್ಕಿಂತ ದೊಡ್ಡ ಹಬ್ಬ ಈಸ್ಟರ್. ಧರ್ಮಸಭೆಯ ಲೆಕ್ಕದಲ್ಲಿ ಕ್ರಿಸ್ಮಸ್ ಅದರ ನಂತರದ್ದು. ಆದರೆ ಕರ್ನಾಟಕದ ಕ್ರೈಸ್ತ ಮನೆಗಳ ಪುಟ್ಟ ಮಕ್ಕಳ ಲೆಕ್ಕ ಇದಕ್ಕೆ ತದ್ವಿರುದ್ಧ. ಕ್ರಿಸ್ಮಸ್ ಬಂತೆಂದರೆ ಅವರಿಗೆ ಕೈತುಂಬ ಕೆಲಸ. ಗೋದಲಿಗೆ ಹುಲ್ಲು ತರಬೇಕು, ನಕ್ಷತ್ರ ಕಟ್ಟಬೇಕು, ಕುಸ್ವಾರಿನ ತಟ್ಟೆ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೋಗಬೇಕು. ಈಸ್ಟರ್‌ನಲ್ಲಿ ಅವರ ಪಾಲಿಗೆ ಬರುವುದು ಹೆಚ್ಚೆಂದರೆ ಬೇಕರಿಯಿಂದ ತಂದ ಬಣ್ಣದ ಮಾರ್ಜಿಪಾನ್ ಮೊಟ್ಟೆ, ಹೊಸ ಬಟ್ಟೆ, ಭಾನುವಾರ ಮಧ್ಯಾಹ್ನದ ಭರ್ಜರಿ ಊಟ. ಗುರುವಾರ ಸಂಜೆಯ ಬಲಿಪೂಜೆ, ಶುಕ್ರವಾರದ ಶಿಲುಬೆ ಹಾದಿ, ಶನಿವಾರ ರಾತ್ರಿಯ ಜಾಗರಣೆ ಇವೆಲ್ಲ ದೊಡ್ಡವರ ವ್ಯವಹಾರ. ಚಿಕ್ಕ ಮಕ್ಕಳಿಗೆ ಏನು ಅರ್ಥವಾದೀತು ಎಂದು ಹಲವು ಮನೆಗಳಲ್ಲಿ ಅವರನ್ನು ಯಾರ ಜೊತೆಗಾದರೂ ಬಿಟ್ಟು ಹೋಗುತ್ತಾರೆ. ಇದು ಸರಿಯಲ್ಲ ಎಂಬುದು ನನ್ನ ವಾದ. ಭಾನುವಾರವೊಂದನ್ನೇ ಕೊಡುವುದೆಂದರೆ ಕಥೆಪುಸ್ತಕದ ಕೊನೆಯ ಪುಟವನ್ನಷ್ಟೇ ಹರಿದು ಮಗುವಿನ ಕೈಗಿಟ್ಟಂತೆ. ಮಕ್ಕಳಿಗೆ ಸಲ್ಲಬೇಕಾದದ್ದು ಗುರುವಾರ ಸಂಜೆಯಿಂದ ಭಾನುವಾರದವರೆಗಿನ ಇಡೀ ಹಬ್ಬ. ಅದನ್ನು ಅಪ್ಪ ಅಮ್ಮ ಇಬ್ಬರೇ ಕೊಡಲಾರರು. ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮ, ಸೋದರಮಾವ, ಸೋದರತ್ತೆ, ಗಾಡ್‌ಫಾದರ್, ಗಾಡ್‌ಮದರ್ ಎಲ್ಲರೂ ಸೇರಿದ ಬಳಗ ಅದಕ್ಕೆ ಬೇಕು.

ಈಸ್ಟರ್ ಒಂದು ಊಟಕ್ಕೆ ಕುಗ್ಗಿದ್ದಕ್ಕೆ ಭಕ್ತಿಯ ಕೊರತೆಯನ್ನೇ ದೂರುವಂತಿಲ್ಲ. ಪಂಚಾಂಗವೂ ರಜೆಯ ಪಟ್ಟಿಯೂ ಈ ಹಬ್ಬಕ್ಕೆ ಅನುಕೂಲವಾಗಿಲ್ಲ. ಕ್ರಿಸ್ಮಸ್ಸಿಗೆ ಡಿಸೆಂಬರ್ 25 ಎಂಬ ಕದಲದ ದಿನವಿದೆ. ಈಸ್ಟರ್ ಬರುವುದು ಮಾರ್ಚ್ 21ರಂದು ಅಥವಾ ಅದರ ನಂತರ ಬೀಳುವ ಮೊದಲ ಹುಣ್ಣಿಮೆ ಕಳೆದ ಭಾನುವಾರ. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತಿರುತ್ತದೆ. 2024ರಲ್ಲಿ ಮಾರ್ಚ್ 31ಕ್ಕೆ ಬಂದಾಗ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. 2025ರಲ್ಲಿ ಏಪ್ರಿಲ್ 20ಕ್ಕೆ ಬಂದಾಗ ಬೇಸಿಗೆ ರಜೆ ಶುರುವಾಗಿತ್ತು. 2027ರಲ್ಲಿ ಮತ್ತೆ ಮಾರ್ಚ್ 28. ಒಬ್ಬ ಅಣ್ಣನಿಗೋ ಅಕ್ಕನಿಗೋ ಪರೀಕ್ಷೆಯಿದ್ದರೆ ಸಾಕು, ಇಡೀ ಮನೆ ಊರಿಗೆ ಹೊರಡುವುದಿಲ್ಲ. ಜೊತೆಗೆ, ಇಂಗ್ಲೆಂಡ್, ಜರ್ಮನಿಗಳಲ್ಲಿರುವಂತೆ ನಮ್ಮಲ್ಲಿ ಈಸ್ಟರ್ ಸೋಮವಾರಕ್ಕೆ ರಜೆಯಿಲ್ಲ. ಬೆಂಗಳೂರಿನಲ್ಲಿ ದುಡಿಯುವ ಕರಾವಳಿಯವರು ಗುರುವಾರ ರಾತ್ರಿ ಬಸ್ಸು ಹತ್ತಿದರೆ ಅಂದಿನ ಸಂಜೆಯ ಪೂಜೆ ತಪ್ಪುತ್ತದೆ. ಭಾನುವಾರ ರಾತ್ರಿಯೇ ಮರಳಬೇಕಾದ್ದರಿಂದ ಊಟದ ಹೊತ್ತಿಗಾಗಲೇ ಬ್ಯಾಗು ಕಟ್ಟುವ ಗಡಿಬಿಡಿ. ಕುವೈತ್, ಕತಾರ್‌ಗಳಂಥ ಕೊಲ್ಲಿ ದೇಶಗಳಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅಲ್ಲಿರುವ ನಮ್ಮವರಿಗೆ ಈಸ್ಟರ್ ಭಾನುವಾರ ಕೆಲಸದ ದಿನ. ಹೀಗೆ ಹಬ್ಬ ಚಿಕ್ಕದಾದದ್ದು ಅನುಕೂಲ ಸಾಲದೆ. ಅದರ ಸ್ವಭಾವ ಅಷ್ಟು ಚಿಕ್ಕದಲ್ಲ.

ಆ ಸ್ವಭಾವವನ್ನು ಅರಿಯಲು ಅದರ ಬೇರಿಗೇ ಹೋಗಬೇಕು. ಮೊದಲ ಮೂರು ಶುಭಸಂದೇಶಗಳ ಪ್ರಕಾರ ಯೇಸುಸ್ವಾಮಿ ಶಿಷ್ಯರೊಡನೆ ಮಾಡಿದ ಕೊನೆಯ ಭೋಜನ ಯೆಹೂದ್ಯರ ಪಾಸ್ಖ ಭೋಜನ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಆ ಹಬ್ಬಕ್ಕೆ ವಿಮೋಚನಾಕಾಂಡದ ಹನ್ನೆರಡನೆಯ ಅಧ್ಯಾಯವೇ ಆಧಾರ. ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುತ್ತಾರೆ, ಕೇಳಿದಾಗ ಹೀಗೆ ಉತ್ತರ ಹೇಳಿ ಎಂಬ ಸೂಚನೆ ಅಲ್ಲಿಯೇ ಇದೆ. ಇಂದಿಗೂ ಯೆಹೂದಿ ಮನೆಗಳಲ್ಲಿ ಆ ರಾತ್ರಿಯ ಊಟದ ಮೇಜಿನ ಮುಂದೆ, ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಏಕೆ ಬೇರೆ ಎಂದು ಕೇಳುವ ಹಕ್ಕು ರೂಢಿಯಂತೆ ಅತಿ ಕಿರಿಯ ಮಗುವಿನದು. ಹಿರಿಯರು ಹೇಳುವ ಕಥೆಯೆಲ್ಲ ಆ ಪ್ರಶ್ನೆಗೆ ಉತ್ತರ. ಕ್ರೈಸ್ತ ಪರಂಪರೆಯಲ್ಲೂ ಮಕ್ಕಳು ಹೊರಗಿನವರಾಗಿರಲಿಲ್ಲ. ಯೇಸು ಜೆರುಸಲೇಮನ್ನು ಪ್ರವೇಶಿಸಿದಾಗ ದೇವಾಲಯದಲ್ಲಿ ಮಕ್ಕಳು ಜಯಘೋಷ ಮಾಡಿದರೆಂದೂ, ಸಿಡಿಮಿಡಿಗೊಂಡ ಮುಖ್ಯ ಯಾಜಕರೆದುರು ಯೇಸು ಆ ಮಕ್ಕಳ ಪರ ನಿಂತರೆಂದೂ ಮತ್ತಾಯನು ಬರೆದಿದ್ದಾನೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿದ್ದ ಈಜೇರಿಯಾ ಎಂಬ ಮಹಿಳೆ ಅಲ್ಲಿನ ಪವಿತ್ರ ವಾರವನ್ನು ಕಣ್ಣಾರೆ ಕಂಡು ದಾಖಲಿಸಿದ್ದಾಳೆ. ಗರಿಗಳ ಭಾನುವಾರ ಸುತ್ತಲಿನ ಮಕ್ಕಳೆಲ್ಲ ತಾಳೆ ಗರಿ, ಆಲಿವ್ ರೆಂಬೆ ಹಿಡಿದು ಮೆರವಣಿಗೆಯಲ್ಲಿದ್ದರು, ಇನ್ನೂ ನಡೆಯಲಾರದ ಕೂಸುಗಳು ಹೆತ್ತವರ ಹೆಗಲ ಮೇಲಿದ್ದವು ಎಂಬ ವಿವರ ಅವಳ ಬರಹದಲ್ಲಿದೆ. ಅಂದರೆ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಹೆಗಲ ಮೇಲಿನ ಕೂಸಿಗೂ ಈ ವಾರದಲ್ಲಿ ಜಾಗವಿತ್ತು.

ಅಷ್ಟು ದೂರ ಹೋಗುವುದೂ ಬೇಕಿಲ್ಲ. ಕೇರಳದಿಂದ ಬಂದು ಬೆಳ್ತಂಗಡಿಯ ತಪ್ಪಲಿನಲ್ಲಿ, ಮಲೆನಾಡಿನಲ್ಲಿ ರಬ್ಬರು, ಅಡಿಕೆ, ಕಾಳುಮೆಣಸು ಬೆಳೆದು ನೆಲೆಯೂರಿದ ಸಿರೋ ಮಲಬಾರ್ ಕ್ರೈಸ್ತರು ನಮ್ಮ ನಡುವೆಯೇ ಇದ್ದಾರೆ. ಅವರಿಗಾಗಿ 1999ರಲ್ಲಿ ಬೆಳ್ತಂಗಡಿ, 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯಗಳು ರೂಪುಗೊಂಡವು. ಪವಿತ್ರ ಗುರುವಾರ ಸಂಜೆ ಅವರ ಮನೆಗಳಲ್ಲಿ ನಡೆಯುವ ‘ಪೆಸಹಾ’ ಆಚರಣೆಯನ್ನು ಗಮನಿಸಬೇಕು. ಅಕ್ಕಿಹಿಟ್ಟು, ಉದ್ದು, ತೆಂಗಿನತುರಿ ಸೇರಿಸಿ, ಹುಳಿ ಬರಲು ಬಿಡದೆ, ಹಬೆಯಲ್ಲಿ ಬೇಯಿಸಿದ ದಪ್ಪ ಅಪ್ಪ. ಅದರ ನಡುವೆ ಹಿಂದಿನ ಭಾನುವಾರ ಚರ್ಚಿನಿಂದ ತಂದ ಗರಿಯ ತುಂಡಿನಿಂದ ಮಾಡಿದ ಶಿಲುಬೆ. ಪಕ್ಕದಲ್ಲಿ ತೆಂಗಿನ ಹಾಲು, ಬೆಲ್ಲ ಕೂಡಿಸಿ ಕಾಸಿದ ‘ಪಾಲ್’. ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯರು ಅಪ್ಪವನ್ನು ಕತ್ತರಿಸಿ ಪಾಲಿನಲ್ಲಿ ಅದ್ದಿ ವಯಸ್ಸಿನ ಸಾಲಿನಲ್ಲಿ ಒಬ್ಬೊಬ್ಬರಿಗೇ ಕೊಡುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವಂತಿಲ್ಲ, ನೆಂಟರೋ ನೆರೆಯವರೋ ತಂದುಕೊಡುತ್ತಾರೆ. ಇಲ್ಲಿ ಮಗುವಿಗೆ ಪ್ರವಚನದ ಅಗತ್ಯವೇ ಬೀಳುವುದಿಲ್ಲ. ತಾನೇ ಹಿಡಿದು ತಂದ ಗರಿ ಅಪ್ಪದ ಮೇಲೆ ಬಂದದ್ದೇಕೆ, ಇವತ್ತು ಅಜ್ಜನೇ ಬಡಿಸುವುದೇಕೆ, ಪಕ್ಕದ ಮನೆಗೆ ನಾವು ತಟ್ಟೆ ಒಯ್ಯುವುದೇಕೆ ಎಂಬ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಉತ್ತರ ಹೇಳಲು ಹಿರಿಯರು ಎದುರಿಗೇ ಕೂತಿರುತ್ತಾರೆ. ಮಗು ಕಲಿಯುವುದು ಹೀಗೆ ಕೈಯಿಂದ, ನಾಲಿಗೆಯಿಂದ, ಪ್ರಶ್ನೆಯಿಂದ. ಇದಕ್ಕೆ ಒಂದಕ್ಕಿಂತ ಹೆಚ್ಚು ತಲೆಮಾರು ಒಂದೇ ಕೋಣೆಯಲ್ಲಿರಬೇಕು.

ಗುರುವಾರ ಸರಿ, ಶುಕ್ರವಾರದ ಗತಿಯೇನು ಎಂಬುದು ಮೊದಲ ಆಕ್ಷೇಪ, ಗಂಭೀರವಾದದ್ದು. ಚಾಟಿಯೇಟು, ಮುಳ್ಳಿನ ಕಿರೀಟ, ಮೊಳೆ, ರಕ್ತ ಇವನ್ನು ನಾಲ್ಕು ವರ್ಷದ ಮಗುವಿಗೆ ಹೇಳುವುದು ಹೇಗೆ? ಈ ಆತಂಕದಲ್ಲಿ ಅರ್ಧ ನಿಜವಿದೆ. ಶಿಲುಬೆಯ ಹಿಂಸೆಯನ್ನು ತೆರೆಯ ಮೇಲೆ ಯಥಾವತ್ತಾಗಿ ತೋರಿಸುವ ಸಿನಿಮಾಗಳ ಮುಂದೆ ಮಕ್ಕಳನ್ನು ಕೂರಿಸಬಾರದು. ಆದರೆ ಹಿಂಸೆಯ ವಿವರವನ್ನು ಮರೆಮಾಡುವುದು ಬೇರೆ, ಸಾವನ್ನೇ ಮರೆಮಾಡುವುದು ಬೇರೆ. ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಜ್ ಬುಡಾಪೆಸ್ಟಿನ ಮೂರರಿಂದ ಹತ್ತು ವರ್ಷದ ಮಕ್ಕಳ ಮಾತು, ಚಿತ್ರಗಳನ್ನು ಅಧ್ಯಯನ ಮಾಡಿ 1948ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾದದ್ದು. ಐದು ವರ್ಷದೊಳಗಿನವರು ಸಾವನ್ನು ನಿದ್ದೆಯಂತೆ, ದೂರದೂರಿಗೆ ಹೋದಂತೆ ಭಾವಿಸುತ್ತಾರೆ. ಅದು ಎಲ್ಲರಿಗೂ ಬರುವಂಥದ್ದೆಂಬ ತಿಳಿವು ಒಂಬತ್ತರ ಆಸುಪಾಸಿನಲ್ಲಿ ಮೂಡುತ್ತದೆ ಎಂದು ಆಕೆ ಕಂಡುಕೊಂಡರು. ನಂತರದವರು ಈ ವಯಸ್ಸಿನ ಗೆರೆಗಳನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದ್ದಾರೆ. ಆದರೆ ಮುಖ್ಯ ಮಾತು ಉಳಿದಿದೆ: ಮೂರು ವರ್ಷದ ಮಗುವೂ ಸಾವಿನ ಬಗ್ಗೆ ಏನನ್ನೋ ಯೋಚಿಸುತ್ತಲೇ ಇರುತ್ತದೆ. ನಾವು ಸುಮ್ಮನಿದ್ದರೆ ಅದು ಒಂಟಿಯಾಗಿ ಯೋಚಿಸುತ್ತದೆ. 1954ರಲ್ಲಿ ರೋಮಿನಲ್ಲಿ ಜಾನ್ನಾ ಗೊಬ್ಬಿ ಅವರೊಡನೆ ಮಾಂಟೆಸ್ಸರಿ ಕ್ರಮದಲ್ಲಿ ಚಿಕ್ಕ ಮಕ್ಕಳ ಧರ್ಮೋಪದೇಶವನ್ನು ಆರಂಭಿಸಿದ ಸೋಫಿಯಾ ಕವಲ್ಲೆತ್ತಿ ಇದಕ್ಕೊಂದು ದಾರಿ ತೋರಿದರು. ಪುಟ್ಟ ಮಕ್ಕಳಿಗೆ ಯೇಸುವಿನ ಮರಣವನ್ನು ಒಂಟಿಯಾಗಿ ಹೇಳಬಾರದು, ಪುನರುತ್ಥಾನದ ಜೊತೆಗೇ ಹೇಳಬೇಕು. ಶುಕ್ರವಾರ ಮಗುವಿಗೆ ಇಷ್ಟು ಸಾಕು: ಒಳ್ಳೆಯವನೊಬ್ಬನನ್ನು ಕೊಂದರು, ಅವನ ತಾಯಿ ಅತ್ತಳು, ಗೆಳೆಯರು ಹೆದರಿ ಓಡಿದರು, ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಈ ಮಾತನ್ನು ಹೇಳಲು ಅಪ್ಪ ಅಮ್ಮನಿಗಿಂತ ಅಜ್ಜ ಅಜ್ಜಿಯರೇ ತಕ್ಕವರು. ಒಡಹುಟ್ಟಿದವರನ್ನು, ಸಂಗಾತಿಯನ್ನು, ಕೆಲವೊಮ್ಮೆ ಮಕ್ಕಳನ್ನೂ ಮಣ್ಣಿಗೆ ಕೊಟ್ಟು ಬಂದವರು ಅವರು. ಹಾಗಿದ್ದೂ ಹಬ್ಬಕ್ಕೆ ಎದ್ದು ನಿಲ್ಲುವವರು. ಗುರುವಾರದ ಪೂಜೆಯ ನಡುವೆ ಮೌನವಾದ ಚರ್ಚಿನ ಗಂಟೆ ಶನಿವಾರ ರಾತ್ರಿಯವರೆಗೆ ಮೊಳಗುವುದಿಲ್ಲ, ಅದರ ಬದಲು ಮರದ ಗಿಲಕಿಯ ಸದ್ದು. ಶುಕ್ರವಾರ ಪೀಠದ ಮೇಲಿನ ಬಟ್ಟೆಯನ್ನೂ ತೆಗೆದಿರುತ್ತಾರೆ. ಮನೆಯಲ್ಲಿ ಗಂಜಿ, ಚಟ್ನಿ. ಈ ವ್ಯತ್ಯಾಸಗಳನ್ನು ದೊಡ್ಡವರಿಗಿಂತ ಮೊದಲು ಗಮನಿಸುವವರು ಮಕ್ಕಳು. ಅಜ್ಜಿಯ ಪಕ್ಕ ಕೂತು, ಗಂಟೆ ಯಾಕೆ ಬಾರಿಸಲಿಲ್ಲ ಎಂದು ಮಗು ಕೇಳಿದರೆ, ತೀರಿಕೊಂಡ ಅಜ್ಜನ ಮಾತೂ ಅಲ್ಲಿ ಸಹಜವಾಗಿ ಬಂದೀತು. ಮಗುವಿಗೆ ಸಾವಿನ ಪರಿಚಯ ಆಗಲೇಬೇಕಾದದ್ದು. ಆಸ್ಪತ್ರೆಯ ಕಾರಿಡಾರಿನಲ್ಲಿ ದಿಢೀರೆಂದು ಆಗುವುದಕ್ಕಿಂತ, ನಂಬಿಕೆಯುಳ್ಳವರ ಮಡಿಲಲ್ಲಿ, ಭರವಸೆಯ ಕಥೆಯೊಂದರ ಭಾಗವಾಗಿ ಆಗುವುದು ಮೇಲು.

ಎರಡನೆಯ ಆಕ್ಷೇಪ ಶನಿವಾರ ರಾತ್ರಿಯದು. ಜಾಗರಣೆಯ ಪೂಜೆ ಉದ್ದ, ಹೊತ್ತು ಮೀರುತ್ತದೆ, ಮಕ್ಕಳು ಗಲಾಟೆ ಮಾಡುತ್ತಾರೆ. ಉದ್ದವೆನ್ನುವುದು ನಿಜ; ಹಳೆಯ ಒಡಂಬಡಿಕೆಯಿಂದಲೇ ಏಳು ವಾಚನಗಳಿಗೆ ಅವಕಾಶವಿದೆ, ಅಗತ್ಯಬಿದ್ದರೆ ಕಡಿಮೆ ಮಾಡಬಹುದು. ಆದರೆ ಇಡೀ ವರ್ಷದಲ್ಲಿ ಮಗುವಿನ ಕಣ್ಣಿಗೆ ಹೇಳಿ ಮಾಡಿಸಿದಂಥ ಪೂಜೆ ಯಾವುದಾದರೂ ಇದ್ದರೆ ಅದು ಇದೇ. ಶತಮಾನಗಳ ಕಾಲ ಶನಿವಾರ ಬೆಳಗಿನಲ್ಲೇ ಮುಗಿದುಹೋಗುತ್ತಿದ್ದ ಈ ಜಾಗರಣೆಯನ್ನು 1951ರಲ್ಲಿ ಪ್ರಯೋಗವಾಗಿ, 1955ರ ಆಜ್ಞೆಯಿಂದ ಖಾಯಮ್ಮಾಗಿ ರಾತ್ರಿಗೆ ಮರಳಿಸಿದವರು ಹನ್ನೆರಡನೇ ಪಿಯುಸ್ ಪೋಪರು. ಕತ್ತಲಿಲ್ಲದೆ ಬೆಳಕಿನ ಮಾತಾಡಿ ಏನು ಫಲ? ಚರ್ಚಿನ ಹೊರಗೆ ಬೆಂಕಿ ಹೊತ್ತಿಸುತ್ತಾರೆ. ಆಳೆತ್ತರದ ಪಾಸ್ಖ ಮೇಣದಬತ್ತಿಯ ಮೇಲೆ ಶಿಲುಬೆ, ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಕೊರೆದು, ಧೂಪದ ಐದು ಹರಳು ಚುಚ್ಚಿ, ಬೆಂಕಿಯಿಂದ ಬತ್ತಿ ಹೊತ್ತಿಸುತ್ತಾರೆ. ದೀಪವೆಲ್ಲ ಆರಿಸಿದ ಚರ್ಚಿನೊಳಗೆ ಆ ಒಂದು ಜ್ವಾಲೆ ಹೋಗುತ್ತದೆ. ಅದರಿಂದ ಒಬ್ಬರ ಬತ್ತಿ, ಅವರಿಂದ ಪಕ್ಕದವರದು, ಹೀಗೆ ನೂರಾರು ಬೆಳಕು. ಅಂಕಿ ಕಲಿತ ಮಗು ಮೇಣದಬತ್ತಿಯ ಮೇಲಿನ ಇಸವಿಯನ್ನು ತಾನೇ ಓದಬಲ್ಲದು. ದೀಕ್ಷಾಸ್ನಾನದ ದಿನ ತನ್ನ ಹೆಸರಿನ ಬತ್ತಿಯನ್ನು ಇಂಥದೇ ಪಾಸ್ಖ ಮೇಣದಬತ್ತಿಯಿಂದ ಹೊತ್ತಿಸಿದ್ದರೆಂದು ತಿಳಿಸಿದರೆ ಅದಕ್ಕೆ ಹೆಮ್ಮೆಯಾದೀತು. ಗ್ರೀಸಿನಲ್ಲಿ ಮಗುವಿಗೆ ಈಸ್ಟರ್ ರಾತ್ರಿಯ ಅಲಂಕೃತ ಮೇಣದಬತ್ತಿ ಕೊಡುವುದು ಗಾಡ್‌ಫಾದರ್ ಅಥವಾ ಗಾಡ್‌ಮದರ್ ಅವರ ಕರ್ತವ್ಯ. ಆ ಜ್ವಾಲೆಯನ್ನು ಆರದಂತೆ ಮನೆಗೆ ತಂದು ಬಾಗಿಲ ಮೇಲೆ ಅದರ ಮಸಿಯಿಂದ ಶಿಲುಬೆ ಗುರುತು ಹಾಕುತ್ತಾರೆ. ಹುಟ್ಟುಹಬ್ಬಕ್ಕೆ ಆಟಿಕೆ ಕಳಿಸುವುದಕ್ಕಷ್ಟೇ ಸೀಮಿತವಾಗಿರುವ ನಮ್ಮ ಗಾಡ್‌ಪೇರೆಂಟುಗಳಿಗೆ ಇದು ಒಳ್ಳೆಯ ಮಾದರಿ.

ನಿದ್ದೆಯ ಮಾತಿಗೆ ಉತ್ತರ ನಮ್ಮ ನೆಲದಲ್ಲೇ ಇದೆ. ಕರಾವಳಿಯ ಮಕ್ಕಳು ತಲೆಮಾರುಗಳಿಂದ ಇಡೀ ರಾತ್ರಿಯ ಯಕ್ಷಗಾನಕ್ಕೆ ಹೋಗಿ, ಚೆಂಡೆಯ ಸದ್ದಿನ ನಡುವೆಯೇ ದೊಡ್ಡವರ ಮಡಿಲಲ್ಲಿ ನಿದ್ದೆಹೋಗಿ, ಬಣ್ಣದ ವೇಷ ಬಂದಾಗ ಎದ್ದು ಕೂತು ನೋಡಿ ಬೆಳೆದವರು. ಶಿವರಾತ್ರಿಯ ಜಾಗರಣೆಗೆ ಮಕ್ಕಳು ಹಟ ಹಿಡಿದು ಎಚ್ಚರ ಕೂರುವುದನ್ನು ಯಾರು ಕಂಡಿಲ್ಲ? ಮಗು ಪೂಜೆಯ ಪ್ರತಿ ನಿಮಿಷಕ್ಕೂ ಎಚ್ಚರವಾಗಿರಬೇಕೆಂಬ ನಿಯಮವಿಲ್ಲ. ಬೆಂಕಿ, ಬತ್ತಿ, ಮತ್ತೆ ಮೊಳಗುವ ಗಂಟೆ ಇವಿಷ್ಟನ್ನು ನೋಡಿ ಉಳಿದಂತೆ ಚಿಕ್ಕಪ್ಪನ ಹೆಗಲ ಮೇಲೆ ನಿದ್ದೆಮಾಡಿದರೂ ಹಬ್ಬ ಕೆಟ್ಟುಹೋಗದು. ಆದರೆ ಆ ಹೆಗಲು ಬೇಕು. ಇಬ್ಬರು ಮಕ್ಕಳನ್ನು ಒಬ್ಬಳೇ ತಾಯಿ ಸಂಭಾಳಿಸಬೇಕಾದಲ್ಲಿ ಜಾಗರಣೆ ಶಿಕ್ಷೆಯಾಗುತ್ತದೆ. ನಾಲ್ಕು ಜನ ದೊಡ್ಡವರಿದ್ದಲ್ಲಿ ಸಂಭ್ರಮವಾಗುತ್ತದೆ. ಹಲವು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಭಾನುವಾರ ನಸುಕಿನ ಆರಾಧನೆಯಿದೆ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರಾವಿಯನ್ ಯುವಕರು ಸಮಾಧಿಗಳ ನಡುವೆ ಸೂರ್ಯೋದಯಕ್ಕೆ ಕಾದು ಹಾಡಿದ ಸಂಪ್ರದಾಯ ಅದು. ಅಲ್ಲಿಯೂ ಇದೇ ಮಾತು ಸಲ್ಲುತ್ತದೆ.

ಇನ್ನು ಮೊಟ್ಟೆ, ಮೊಲಗಳ ವಿಚಾರ. ಇವು ಪರದೇಶದ ವ್ಯಾಪಾರದ ಸರಕು, ಹೊರಗಿಡಿ ಎನ್ನುವವರಿದ್ದಾರೆ. ಮಕ್ಕಳ ಖುಷಿಗೆ ಅಡ್ಡ ಬರಬೇಡಿ ಎನ್ನುವವರೂ ಇದ್ದಾರೆ. ಚಾಕೊಲೇಟ್ ಮೊಟ್ಟೆ ಈಚಿನದು ನಿಜ. ಬ್ರಿಟನ್ನಿನಲ್ಲಿ ಫ್ರೈ ಕಂಪನಿ ಅದನ್ನು ಮೊದಲು ತಯಾರಿಸಿದ್ದು 1873ರಲ್ಲಿ. ಆದರೆ ಮೊಟ್ಟೆಯ ಸಂಪ್ರದಾಯ ಬಲು ಹಳೆಯದು. 1290ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ ಈಸ್ಟರ್‌ಗೆಂದು ಬಣ್ಣ, ಚಿನ್ನದ ರೇಕು ಹಚ್ಚಿಸಿ ಹಂಚಲು 450 ಮೊಟ್ಟೆಗೆ 18 ಪೆನ್ಸ್ ಖರ್ಚು ಮಾಡಿದ ಲೆಕ್ಕ ಅರಮನೆಯ ದಾಖಲೆಯಲ್ಲಿದೆ. ಮಧ್ಯಯುಗದ ಯುರೋಪಿನಲ್ಲಿ ತಪಸ್ಸುಕಾಲದ ನಲವತ್ತು ದಿನ ಮಾಂಸದಂತೆ ಮೊಟ್ಟೆಯೂ ವರ್ಜ್ಯ. ಕೋಳಿಗಳಿಗೆ ಉಪವಾಸವಿರಲಿಲ್ಲವಾದ್ದರಿಂದ ಮೊಟ್ಟೆಗಳು ಕೂಡಿಬೀಳುತ್ತಿದ್ದವು, ಹಬ್ಬದ ದಿನ ಮನೆಮಂದಿಯೆಲ್ಲ ಬಾಯಿತುಂಬ ತಿನ್ನುತ್ತಿದ್ದರು. ಅಂದರೆ ಮೊಟ್ಟೆಗೆ ಬೆಲೆ ಬಂದದ್ದು ಅದಕ್ಕೂ ಮೊದಲಿನ ಇಲ್ಲದಿರುವಿಕೆಯಿಂದ. ಹಾಗಾಗಿ ಮೊಟ್ಟೆ ಇರಲಿ, ಅದರ ಮುಂಚಿನ ಕಾಯುವಿಕೆಯೂ ಇರಲಿ. ಮಕ್ಕಳಿಗೆ ಉಪವಾಸ ಹೇರಬೇಕೆಂದು ಇದರರ್ಥವಲ್ಲ. ಕಥೋಲಿಕ ಧರ್ಮಸಭೆಯ ಕಾನೂನೇ ಉಪವಾಸವನ್ನು 18 ದಾಟಿದವರಿಗೆ, ಮಾಂಸ ವರ್ಜನೆಯನ್ನು 14 ದಾಟಿದವರಿಗೆ ವಿಧಿಸುತ್ತದೆ. ಮಗು ತಾನಾಗಿ ಆರಿಸಿಕೊಂಡ ಒಂದು ಸಿಹಿಯನ್ನು ಈಸ್ಟರ್‌ವರೆಗೆ ಬಿಟ್ಟರೆ, ಅದೇ ನೇಮವನ್ನು ಅತ್ತೆ ಮಾವಂದಿರೂ ತಮ್ಮೂರಿನಲ್ಲಿ ಪಾಲಿಸಿದರೆ, ಉಳಿದ ಹಣ ಕಷ್ಟದಲ್ಲಿರುವವರಿಗೆ ಹೋದರೆ, ಭಾನುವಾರದ ಮೊಟ್ಟೆ ಬರೀ ಸಕ್ಕರೆಯಾಗಿ ಉಳಿಯುವುದಿಲ್ಲ.

ಬಳಗ ಕೂಡಿಸಿ ಎಂದಾಕ್ಷಣ ಏಳುವ ಇನ್ನೊಂದು ಆಕ್ಷೇಪ ಎಲ್ಲಕ್ಕಿಂತ ನ್ಯಾಯವಾದದ್ದು: ಬಳಗ ಕೂಡಿದರೆ ದುಡಿಯುವವರು ಯಾರು? ಜಾಗರಣೆ ಮುಗಿಸಿ ಬಂದ ಹೆಂಗಸರು ಕಣ್ಣುಮುಚ್ಚುವ ಮೊದಲೇ ಸಾನ್ನಾಗಳಿಗೆ ಹಬೆ ಏರಿಸಬೇಕು, ಹಂದಿ ಪದಾರ್ಥಕ್ಕೆ ಮಸಾಲೆ ಅರೆಯಬೇಕು, ಇಪ್ಪತ್ತು ಜನಕ್ಕೆ ಬಡಿಸಿ ಕೊನೆಯಲ್ಲಿ ತಾವು ಉಣ್ಣಬೇಕು. ಇಂಥ ಹಬ್ಬಕ್ಕೆ ಮೂರು ದಿನವನ್ನು ಸೇರಿಸಿದರೆ ಅದು ಅವರ ಮೇಲೆ ಇನ್ನಷ್ಟು ಹೊರೆ. ನಾನು ಹೇಳುವ ಬಳಗ ಅತಿಥಿಗಳ ಸಾಲಲ್ಲ. ಗುರುವಾರ ಗುರುಗಳು ಹನ್ನೆರಡು ಜನರ ಪಾದ ತೊಳೆಯುವುದನ್ನು ನೋಡಿ ಬಂದ ಗಂಡಸರು ಭಾನುವಾರ ಪಾತ್ರೆ ತೊಳೆಯದಿದ್ದರೆ ಮಕ್ಕಳಿಗೆ ಆ ಆಚರಣೆ ಸುಳ್ಳೆನಿಸುತ್ತದೆ. ಒಂದು ಮನೆಯವರು ಅಕ್ಕಿ ಅರೆದು ತರಲಿ, ಇನ್ನೊಂದು ಮನೆಯವರು ಮಾಂಸ ಬೇಯಿಸಿ ತರಲಿ, ಐದು ವರ್ಷದ ಮಗು ಎಲೆ ಹಾಕಲಿ, ನೀರು ಬಡಿಸಲಿ. ಊಟದಲ್ಲಿ ಎರಡು ಪದಾರ್ಥ ಕಡಿಮೆಯಾದರೆ ನಷ್ಟವಿಲ್ಲ. ದಣಿದ ತಾಯಿಯ ಸಿಟ್ಟೇ ಮಗುವಿಗೆ ಹಬ್ಬದ ನೆನಪಾಗಿ ಉಳಿದರೆ ನಷ್ಟ.

ನೆಂಟರೆಲ್ಲ ದೂರವಿದ್ದಾರೆ, ಕೆಲವರು ಬೇರೆ ಸಭೆಯವರು, ಕೆಲವರು ಬೇರೆ ಧರ್ಮದವರು, ಕೆಲವರೊಡನೆ ಮಾತೇ ಇಲ್ಲ ಎನ್ನುವುದೂ ವಾಸ್ತವ. ಎಲ್ಲರೂ ಎಲ್ಲದಕ್ಕೂ ಬರಬೇಕಿಲ್ಲ. ಹಿಂದೂ ಅಜ್ಜಿಯೊಬ್ಬರು ಪರಮಪ್ರಸಾದ ಸ್ವೀಕರಿಸುವುದಿಲ್ಲ, ಆದರೆ ಬೆಂಕಿಯ ಬಳಿ ಮೊಮ್ಮಗುವಿನ ಕೈ ಹಿಡಿದು ನಿಲ್ಲಬಲ್ಲರು. ದುಬೈಯಲ್ಲಿರುವ ಮಾವ ವಿಡಿಯೋ ಕರೆಯಲ್ಲಿ ತನ್ನ ಬಾಲ್ಯದ ಶುಕ್ರವಾರ ಹೇಗಿತ್ತೆಂದು ಹೇಳಬಲ್ಲ. 2020ರ ಏಪ್ರಿಲ್ 12ರ ಈಸ್ಟರ್ ಲಾಕ್‌ಡೌನಿನ ನಡುವೆ ಬಂತು, ಚರ್ಚುಗಳ ಬಾಗಿಲು ಮುಚ್ಚಿತ್ತು. ಪೆಸಹಾ ಅಪ್ಪವನ್ನು ಮುರಿದು ಹಂಚುವಂಥ ಮನೆಯ ಆಚರಣೆಯಿದ್ದವರಿಗೆ ಅಂದು ಮಾಡಲು ಏನಾದರೂ ಇತ್ತು. ಚರ್ಚಿಗೆ ಹೋಗಿ ಬರುವುದಷ್ಟೇ ಹಬ್ಬವಾಗಿದ್ದವರಿಗೆ ಉಳಿದದ್ದು ಫೋನಿನ ಪರದೆ. ಮನೆಯಲ್ಲಿ ಬೇರೂರಿದ ಹಬ್ಬ ಎಂಥ ಕಾಲದಲ್ಲೂ ನಿಲ್ಲುತ್ತದೆಂಬ ಪಾಠ ಅದು.

ಕೊನೆಗೆ, ಇದೆಲ್ಲ ಮಕ್ಕಳ ಮೇಲೆ ಧರ್ಮ ಹೇರುವುದಲ್ಲವೇ ಎಂದು ಕೇಳಬಹುದು. ದೊಡ್ಡವರಾದ ಮೇಲೆ ನಂಬುವುದೋ ಬಿಡುವುದೋ ಅವರ ನಿರ್ಧಾರ, ಅದನ್ನು ನಾವು ಮಾಡಲಾಗದು, ಮಾಡಲೂಬಾರದು. ಆದರೆ ಬಿಡುವವರಿಗೂ ತಾವು ಬಿಡುತ್ತಿರುವುದು ಏನೆಂದು ಗೊತ್ತಿರಬೇಕು. ಸಿಹಿಯೊಂದನ್ನೇ ಕೊಟ್ಟು ಬೆಳೆಸಿದರೆ ಅವರು ಬಿಡುವುದೂ ಹಿಡಿಯುವುದೂ ಸಿಹಿಯನ್ನಷ್ಟೇ. ಸೇವೆ, ಸಾವು, ಕತ್ತಲು, ಬೆಳಕು ನಾಲ್ಕನ್ನೂ ತಮ್ಮವರ ಜೊತೆಯಲ್ಲಿ ನಡೆದು ಕಂಡ ಮಗು ಮುಂದೆ ಯಾವ ನಿರ್ಧಾರ ಮಾಡಿದರೂ ತಿಳಿದು ಮಾಡುತ್ತದೆ. ಆದ್ದರಿಂದ ಈ ಸಲ ಊಟದ ಪಟ್ಟಿ ಬರೆಯುವ ಮುನ್ನ ಮನೆಗಳಲ್ಲಿ ಇನ್ನೊಂದು ಪಟ್ಟಿ ಸಿದ್ಧವಾಗಲಿ: ಗುರುವಾರ ರೊಟ್ಟಿ ಮುರಿಯುವವರು ಯಾರು, ಶುಕ್ರವಾರ ಕಥೆ ಹೇಳುವವರು ಯಾರು, ಶನಿವಾರ ಮಗುವನ್ನು ಎತ್ತಿಕೊಳ್ಳುವವರು ಯಾರು, ಭಾನುವಾರ ಪಾತ್ರೆ ತೊಳೆಯುವವರು ಯಾರು. ಆ ಪಟ್ಟಿಯ ಪ್ರತಿಯೊಂದು ಸಾಲಿನಲ್ಲೂ ಒಬ್ಬ ದೊಡ್ಡವರ ಪಕ್ಕ ಒಂದು ಮಗುವಿನ ಹೆಸರಿರಲಿ.